ಪರದೇಶದ ಉದ್ಯೋಗವೂ ಸಂದರ್ಶನದ ಸಿದ್ಧತೆಯೂ: ಹಳೇ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಒಂದು ಪಾಠ

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ಮಧ್ಯಾಹ್ನ, ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯನ್ನು ಕರಕೊಂಡು ನನ್ನ ಮನೆಯ ಜಗಲಿಗೆ ಬಂದಳು. ಈಕೆ ಇಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಬಳಿಕ ಮೂರು ವರ್ಷಗಳ ನರ್ಸಿಂಗ್ ಶಿಕ್ಷಣವನ್ನು ಹೊಂದಿ, ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ದುಡಿದವಳು. ಅವಳ ಕೈಯಲ್ಲಿ ಮಡಚಿದ ಒಂದು ಕಾಗದವಿತ್ತು. ಕೊಲ್ಲಿಯ ಒಂದು ದೇಶದ ಆಸ್ಪತ್ರೆಯಲ್ಲಿ ಆಕೆಗೆ ಕೆಲಸ ಸಿಕ್ಕಿತೆಂದೂ, ಶನಿವಾರದೊಳಗೆ ಮೂರು ಲಕ್ಷ ರೂಪಾಯಿಗಳನ್ನೂ ಪಾಸ್‌ಪೋರ್ಟನ್ನೂ ತಂದೊಪ್ಪಿಸತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ತಾಯಿಯ ಕೈಗಳು ಬರಿದಾಗಿದ್ದವು. ನಾನು ಕೇಳುವ ಮೊದಲೇ ಆಕೆಯು, "ಬಳೆಗಳನ್ನು ಸೊಸೈಟಿಯಲ್ಲಿ ಇಟ್ಟೆವು ಟೀಚರೇ, ಇನ್ನು ಒಂದೂವರೆ ಲಕ್ಷ ಕಡಿಮೆ ಬೀಳುತ್ತದೆ, ಅದಕ್ಕೆ ಮನೆಯ ಪತ್ರ ಕೊಡುವದೋ ಎಂದು ಕೇಳಲಿಕ್ಕೆ ಬಂದೆವು" ಎಂದಳು.

"ಸಂದರ್ಶನದಲ್ಲಿ ಏನೇನು ಕೇಳಿದರು?" ಎಂದು ನಾನು ಹುಡುಗಿಯನ್ನು ವಿಚಾರಿಸಿದೆನು. "ಏನೂ ಕೇಳಲಿಲ್ಲ ಟೀಚರ್. ಫೋಟೋ ನೋಡಿ, ಸರ್ಟಿಫಿಕೇಟು ನೋಡಿ, ಸೆಲೆಕ್ಟ್ ಆಯಿತು ಎಂದರು" ಎಂಬ ಉತ್ತರ ಬಂತು.

ಈ ಲೇಖನವು ಆ ಮಧ್ಯಾಹ್ನದಿಂದ ಹುಟ್ಟಿದ್ದು. ನಮ್ಮ ಶಾಲೆಯಿಂದ ಹೊರಟ ಹುಡುಗಿಯರಲ್ಲಿ ಅನೇಕರು ಇಂದು ದುಬೈ, ಮಸ್ಕತ್, ಲಂಡನ್ ಮುಂತಾದ ಸ್ಥಳಗಳಲ್ಲಿ ರೋಗಿಗಳ ಶುಶ್ರೂಷೆಯಲ್ಲಿಯೂ ಇತರ ಉದ್ಯೋಗಗಳಲ್ಲಿಯೂ ಇದ್ದಾರೆ. ಹೋಗಬೇಕೆಂದಿರುವವರು ಇನ್ನೂ ಹೆಚ್ಚು. ಆದದ್ದರಿಂದ ಆ ದಿನ ನಾವು ಮೂವರು ಕೂತು ಕಲಿತದ್ದನ್ನು, ಆಮೇಲೆ ವಿಚಾರಿಸಿ ತಿಳುಕೊಂಡದ್ದನ್ನೂ ಕೂಡಿಸಿ, ಇಲ್ಲಿ ಬರೆಯುತ್ತೇನೆ. ಉದಾಹರಣೆಗಳು ಹೆಚ್ಚಾಗಿ ನರ್ಸಿಂಗ್ ವೃತ್ತಿಯಿಂದ ಬಂದವುಗಳಾದರೂ ಕಾನೂನಿನ ಮಾತು ಎಲ್ಲರಿಗೂ ಸಲ್ಲುವದು.

ಮೊದಲು ಕಾನೂನಿನ ವಿಷಯ. ನಮ್ಮ ದೇಶದಿಂದ ಜನರನ್ನು ಹೊರದೇಶದ ಕೂಲಿಗೆ ಕರಕೊಂಡು ಹೋಗುವ ವ್ಯಾಪಾರ ಹೊಸತಲ್ಲ. ಫಿಜಿ, ಮಾರಿಷಸ್, ನಟಾಲ್ ಮೊದಲಾದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳನ್ನು ಹಡಗು ಹತ್ತಿಸಿದ ಕಾಲದಲ್ಲಿಯೂ, ಊರೂರು ತಿರುಗಿ ಸಿಹಿಮಾತು ಹೇಳುವ ಮಧ್ಯಸ್ಥರು ಇದ್ದರು. 1917ರಲ್ಲಿ ಆ ಪದ್ಧತಿಯ ನೇಮಕ ನಿಂತಿತು. 1922ರಲ್ಲಿ ವಲಸೆಯ ಕಾಯಿದೆಯೊಂದು ಹುಟ್ಟಿತು. ಕೊಲ್ಲಿ ರಾಜ್ಯಗಳಲ್ಲಿ ಎಣ್ಣೆಯ ಐಶ್ವರ್ಯ ಹೆಚ್ಚಿ ನಮ್ಮವರು ಲಕ್ಷಗಟ್ಟಲೆ ಹೋಗತೊಡಗಿದ ಮೇಲೆ 1983ರಲ್ಲಿ ಹೊಸ ಎಮಿಗ್ರೇಶನ್ ಕಾಯಿದೆ ಬಂತು. ಈ ಕಾಯಿದೆಯ ಪ್ರಕಾರ, ಸರಕಾರದ ನೋಂದಣಿ ಪತ್ರವಿಲ್ಲದೆ ಯಾವನೂ ಪರದೇಶದ ಕೆಲಸಕ್ಕೆ ಜನರನ್ನು ನೇಮಿಸುವ ವ್ಯವಹಾರವನ್ನು ನಡಿಸಕೂಡದು. ನೋಂದಣಿ ಹೊಂದಿದ ಏಜೆಂಟರ ಹೆಸರೂ ವಿಳಾಸವೂ ಲೈಸನ್ಸ್ ಸಂಖ್ಯೆಯೂ ವಿದೇಶಾಂಗ ಇಲಾಖೆಯ 'ಇ-ಮೈಗ್ರೇಟ್' ಎಂಬ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಲ್ಪಟ್ಟಿವೆ. ಲೈಸನ್ಸು ಒಬ್ಬನದು, ಜಗಲಿಗೆ ಬಂದು ಹಣ ಕೇಳುವವನು ಇನ್ನೊಬ್ಬನು ಎಂದಾದರೆ ಎಚ್ಚರಿಕೆ ಬೇಕು. "ನಾನು ಬೊಂಬಾಯಿಯ ದೊಡ್ಡ ಆಫೀಸಿನ ಇಲ್ಲಿಯ ಜನ" ಎಂಬ ಮಾತು ಲೈಸನ್ಸ್ ಅಲ್ಲ.

ಲೈಸನ್ಸುಳ್ಳ ಏಜೆಂಟನು ಸಹ ಕೆಲಸ ಹುಡುಕುವವಳಿಂದ ಸೇವಾಶುಲ್ಕವೆಂದು 30,000 ರೂಪಾಯಿಗಿಂತಲೂ ಅದರ ಮೇಲಣ ಜಿ.ಎಸ್.ಟಿ.ಗಿಂತಲೂ ಹೆಚ್ಚು ತೆಗೆದುಕೊಳ್ಳಬಾರದೆಂದು ನಿಯಮವುಂಟು, ಮತ್ತು ಅದಕ್ಕೆ ರಶೀದಿ ಕೊಡಬೇಕು. ಮೂರು ಲಕ್ಷವೆಲ್ಲಿ, ಮೂವತ್ತು ಸಾವಿರವೆಲ್ಲಿ! ಈ ಒಂದು ಸಂಖ್ಯೆಯನ್ನು ಪ್ರತಿಯೊಂದು ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೂ ತಪ್ಪಲ್ಲ. ಕಾಯಿದೆಯನ್ನು ಮೀರಿದವನಿಗೆ ಎರಡು ವರ್ಷಗಳ ವರೆಗೆ ಸೆರೆಯೂ ಎರಡು ಸಾವಿರ ರೂಪಾಯಿಗಳ ವರೆಗೆ ದಂಡವೂ ಎಂದು 1983ರಲ್ಲಿ ಬರೆಯಲ್ಪಟ್ಟಿತು. ಲಕ್ಷಗಟ್ಟಲೆ ಸುಲಿಯುವವನಿಗೆ ಎರಡು ಸಾವಿರದ ದಂಡವು ಎಷ್ಟರ ಹೆದರಿಕೆಯೆಂಬದನ್ನು ವಾಚಕರೇ ಊಹಿಸಲಿ. ಕಾನೂನು ನಮ್ಮನ್ನು ಕಾಯುವದೆಂದು ನಿದ್ರೆಮಾಡುವದಕ್ಕಿಂತ ನಾವೇ ಎಚ್ಚತ್ತಿರುವದು ಲೇಸು.

ಇದು ಕೇವಲ ಹೆದರಿಕೆಯ ಮಾತಲ್ಲವೆಂದು ತೋರಿಸುವದಕ್ಕೆ 2015ರ ಸಂಗತಿಯೊಂದು ಸಾಕು. ಕುವೈತಿನ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಕಳುಹಿಸುತ್ತಿದ್ದ ಕೊಚ್ಚಿಯ ಒಂದು ಸಂಸ್ಥೆಯು, ತಲೆಗೆ 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ಹತ್ತೊಂಬತ್ತೂವರೆ ಲಕ್ಷ ರೂಪಾಯಿಗಳನ್ನು ವಸೂಲು ಮಾಡಿತೆಂದು ಸಿ.ಬಿ.ಐ.ಯವರು ಮೊಕದ್ದಮೆ ಹೂಡಿದರು. ಅಂದರೆ ನೂರು ಪಾಲು. ಹಣ ಕೊಟ್ಟವರು ಓದುಬಾರದವರಲ್ಲ. ಔಷಧದ ಮಿಲಿಗ್ರಾಮುಗಳನ್ನು ತಪ್ಪದೆ ಲೆಕ್ಕಮಾಡುವ ವಿದ್ಯಾವಂತೆಯರು. ಆಸೆಯೂ ಅವಸರವೂ ಕೂಡಿದಲ್ಲಿ ಲೆಕ್ಕವು ಮರೆತುಹೋಗುತ್ತದೆ. ಅದೇ ವರ್ಷದಲ್ಲಿ ಸರಕಾರವು, ಕೊಲ್ಲಿ ರಾಜ್ಯಗಳೂ ಸೇರಿದ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆಲ್ಲಾ ಎಮಿಗ್ರೇಶನ್ ಅನುಮತಿಯನ್ನು ಕಡ್ಡಾಯ ಮಾಡಿ, ಅವರ ನೇಮಕವನ್ನು ಕೇರಳದ ನೋರ್ಕಾ ರೂಟ್ಸ್ ಮುಂತಾದ ಸರಕಾರಿ ಸಂಸ್ಥೆಗಳ ಕೈಗೆ ಕೊಟ್ಟಿತು. ಇಂಥ ಸಂಸ್ಥೆಗಳ ಪಟ್ಟಿಯು ಕಾಲಕಾಲಕ್ಕೆ ತಿದ್ದಲ್ಪಡುವದರಿಂದ, ಹೊರಡುವವಳು ತಾನು ಹೊರಡುವ ವರ್ಷದ ಪಟ್ಟಿಯನ್ನೇ ನೋಡತಕ್ಕದ್ದು. ಅಕ್ಕನೋ ಅತ್ತಿಗೆಯೋ ಹೋದ ವರ್ಷದ್ದನ್ನಲ್ಲ.

ಇಲ್ಲಿ ನಮ್ಮ ಶಾಲೆಗೆ ಸಂಬಂಧಪಟ್ಟ ಮಾತೊಂದುಂಟು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಗುರುತು ಬೀಳುವದು. ಅಂಥವರು ಆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವ ಮುಂಚೆ ವಲಸೆ ಸಂರಕ್ಷಕ ಅಧಿಕಾರಿಯ ಅನುಮತಿಯನ್ನು ಹೊಂದಬೇಕು. ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ಈ ಗುರುತು ಇಲ್ಲ. ಹಲವು ತಂದೆತಾಯಿಗಳು "ಹುಡುಗಿಗೆ ಹತ್ತನೆಯದು ಯಾಕೆ, ಕೈಕೆಲಸ ಬಂದರೆ ಸಾಕು" ಎಂದು ಒಂಭತ್ತನೆಯದಕ್ಕೆ ಬಿಡಿಸಿದ್ದನ್ನು ನಾನು ಕಂಡಿದ್ದೇನೆ. ಆ ಒಂದು ವರ್ಷದ ಬೆಲೆಯು ಬಹು ಕಾಲದ ಮೇಲೆ, ಪಾಸ್‌ಪೋರ್ಟಿನ ಒಂದು ಪುಟದ ಮೇಲೆ ಕಾಣಬರುವದು.

ಇನ್ನು ಆ ಕಾಗದವನ್ನು ನಾವು ಓದಿದ ರೀತಿಯನ್ನು ಹೇಳುವೆನು. ಮೊದಲನೆಯದಾಗಿ, ಆಸ್ಪತ್ರೆಯ ಹೆಸರಿತ್ತು, ಊರಿನ ಹೆಸರಿರಲಿಲ್ಲ. ಸಂಬಳ ಇಷ್ಟೆಂದು ಇತ್ತು. ಅದರಲ್ಲಿ ಮೂಲವೇತನವೆಷ್ಟು, ಮನೆಬಾಡಿಗೆಯ ಭತ್ಯವೆಷ್ಟು ಎಂದಿರಲಿಲ್ಲ. ಇದು ಸಣ್ಣ ಕೊರತೆಯೆಂದು ತೋರಬಹುದು. ಆದರೆ ಯು.ಎ.ಇ.ಯಲ್ಲಿ, ಉದಾಹರಣೆಗೆ, ಕೆಲಸ ಬಿಡುವಾಗ ದೊರೆಯುವ ಗ್ರಾಚ್ಯುಟಿಯು ಮೂಲವೇತನದ ಮೇಲೆಯೇ ಎಣಿಸಲ್ಪಡುತ್ತದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆ ಬಳಿಕದ ವರ್ಷಗಳಿಗೆ 30 ದಿನಗಳದ್ದು. ಒಟ್ಟು ಸಂಬಳವನ್ನು ದೊಡ್ಡದಾಗಿ ಬರೆದು ಮೂಲವೇತನವನ್ನು ಸಣ್ಣದಾಗಿಟ್ಟರೆ ನಷ್ಟ ಯಾರಿಗೆಂಬದು ಸ್ಪಷ್ಟವು. ಎರಡನೆಯದಾಗಿ, "ಮೊದಲು ವಿಸಿಟ್ ವೀಸಾದಲ್ಲಿ ಬರತಕ್ಕದ್ದು, ಅಲ್ಲಿ ಬದಲಾಯಿಸಿ ಕೊಡಲಾಗುವದು" ಎಂದಿತ್ತು. ಸಂದರ್ಶಕರ ವೀಸಾದಲ್ಲಿ ಹೋಗಿ ಕೆಲಸ ಮಾಡುವದು ಆ ದೇಶಗಳ ಕಾನೂನಿಗೆ ವಿರೋಧವಾದದ್ದು; ಸಿಕ್ಕಿಬಿದ್ದರೆ ಶಿಕ್ಷೆ ಕೆಲಸದವಳಿಗೆ, ಕಳುಹಿಸಿದವನಿಗಲ್ಲ. ಮೂರನೆಯದನ್ನು ಹುಡುಗಿಯೇ ಕಂಡುಹಿಡಿದಳು. ಕೊಲ್ಲಿ ರಾಜ್ಯಗಳಲ್ಲಿ ನರ್ಸ್ ಆಗಬೇಕಾದರೆ ಆ ದೇಶದ ಆರೋಗ್ಯ ಇಲಾಖೆಯ ಲೈಸನ್ಸ್ ಬೇಕು. ಅದಕ್ಕಾಗಿ ಪ್ರಮಾಣಪತ್ರಗಳು ನಿಜವೋ ಎಂದು ಕಾಲೇಜಿನಿಂದಲೂ ಆಸ್ಪತ್ರೆಯಿಂದಲೂ ನೇರವಾಗಿ ವಿಚಾರಿಸುವ 'ಡೇಟಾಫ್ಲೋ' ಎಂಬ ಪರಿಶೋಧನೆಯುಂಟು, ಕಂಪ್ಯೂಟರ್ ಪರೀಕ್ಷೆಯುಂಟು. "ನನ್ನ ಜೊತೆಯವರೆಲ್ಲ ಪ್ರೊಮೆಟ್ರಿಕ್ ಬರೆದೇ ಹೋದದ್ದು, ನನಗೆ ಮಾತ್ರ ಪರೀಕ್ಷೆ ಬೇಡವೆಂದರೆ ಹೇಗೆ ಟೀಚರ್?" ಎಂದಳು. ಅಷ್ಟು ಹೊತ್ತಿನ ವರೆಗೆ ಅವಳ ಮನಸ್ಸಿನಲ್ಲಿ ಇದ್ದ ಪ್ರಶ್ನೆ. ಯಾರೂ ಕೇಳದ್ದರಿಂದ ಬಾಯಿಗೆ ಬಂದಿರಲಿಲ್ಲ.

ಕಾಗದದ ಅಡಿಯಲ್ಲಿದ್ದ ಲೈಸನ್ಸ್ ಸಂಖ್ಯೆಯನ್ನು ಆಕೆಯ ಮೊಬೈಲಿನಲ್ಲಿಯೇ ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಿದೆವು. ಆ ಸಂಖ್ಯೆಯು ಅಲ್ಲಿರಲಿಲ್ಲ. ತಾಯಿಯು ಏನೂ ಮಾತಾಡದೆ ಎದ್ದು, ಮಳೆಯಲ್ಲಿಯೇ ಕೊಡೆ ಬಿಡಿಸಿ, ಸೊಸೈಟಿ ಮುಚ್ಚುವ ಮೊದಲು ಹೋಗಬೇಕೆಂದು ಹೊರಟಳು.

ಇಷ್ಟರಿಂದ ಹುಡುಗಿಯ ಸಮಸ್ಯೆ ತೀರಲಿಲ್ಲ. ಕಳ್ಳದಾರಿಯನ್ನು ಮುಚ್ಚಿದರೆ ನೆಟ್ಟಗಿನ ದಾರಿಯನ್ನು ತೋರಿಸಬೇಕಲ್ಲವೆ? ಅದು ಉದ್ದವಾದದ್ದು. ಇಂಗ್ಲೆಂಡಿಗೆ ಹೋಗಬೇಕಾದರೆ ಭಾಷಾಪರೀಕ್ಷೆಯನ್ನು ದಾಟಬೇಕು: ಐ.ಇ.ಎಲ್.ಟಿ.ಎಸ್. ಪರೀಕ್ಷೆಯಾದರೆ ಓದು, ಕೇಳು, ಮಾತು ಇವುಗಳಲ್ಲಿ ಏಳೂ ಬರವಣಿಗೆಯಲ್ಲಿ ಆರೂವರೆಯೂ; ಓ.ಇ.ಟಿ. ಎಂಬ ವೈದ್ಯಕೀಯ ಇಂಗ್ಲಿಷಿನ ಪರೀಕ್ಷೆಯಾದರೆ ಅದಕ್ಕೆ ಸರಿಯಾದ ದರ್ಜೆ. ಬಳಿಕ ಕಂಪ್ಯೂಟರಿನ ಪರೀಕ್ಷೆಯನ್ನು ಇಲ್ಲಿಯೇ ಬರೆಯಬಹುದು, ಕೈಕೆಲಸದ ಪರೀಕ್ಷೆಯನ್ನು ಅಲ್ಲಿ ಹೋಗಿ ಕೊಡಬೇಕು. ಅಲ್ಲಿಯ ಸರಕಾರದ ನೀತಿಸಂಹಿತೆಯ ಪ್ರಕಾರ ಏಜೆಂಟರು ಕೆಲಸ ಕೊಡಿಸುವದಕ್ಕಾಗಿ ನರ್ಸ್‌ಗಳಿಂದ ಶುಲ್ಕ ತೆಗೆದುಕೊಳ್ಳಕೂಡದು. ಅದನ್ನು ಕೊಡತಕ್ಕವರು ಆಸ್ಪತ್ರೆಯವರು. ಆದರೆ 2024–25ರಲ್ಲಿ ಹೊರದೇಶದಿಂದ ಅಲ್ಲಿಯ ನರ್ಸ್‌ಗಳ ದಾಖಲೆಗೆ ಸೇರಿದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಬಹಳ ಇಳಿಯಿತೆಂಬದನ್ನೂ ತಿಳಿದಿರಬೇಕು. ಜರ್ಮನಿಗಾದರೆ ಜರ್ಮನ್ ಭಾಷೆ ಕಲಿಯಬೇಕು, ಬಿ-2 ಎಂಬ ಮೆಟ್ಟಲಿನ ವರೆಗೆ. 'ಟ್ರಿಪಲ್ ವಿನ್' ಎಂಬ ಯೋಜನೆಯಲ್ಲಿ ಜರ್ಮನ್ ಸರಕಾರದ ಸಂಸ್ಥೆಗಳೇ ನೇಮಕವನ್ನು ನಡಿಸುತ್ತವೆ. ಕೇರಳದ ನೋರ್ಕಾ ಸಂಸ್ಥೆಯು 2021ರ ದಶಂಬರದಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ಇಲಾಖೆಯ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದು ಬೆಂಗಳೂರಿನಲ್ಲಿ ಸ್ಥಾಪಿಸಲ್ಪಟ್ಟಿತು. ಅಲ್ಲಿ ವಿಚಾರಿಸುವದಕ್ಕೆ ಬಸ್ಸಿನ ಖರ್ಚಲ್ಲದೆ ಬೇರೆ ನಷ್ಟವಿಲ್ಲ.

ಈಗ ಸಂದರ್ಶನದ ವಿಷಯ. ನಾನು ಶಾಲೆಯಲ್ಲಿ ಪಾಠ ಹೇಳಿದವಳು, ಆಸ್ಪತ್ರೆಯ ಒಳಗನ್ನು ಅರಿತವಳಲ್ಲ. ಆದಕಾರಣ ನಮ್ಮ ಇನ್ನೊಬ್ಬ ಹಳೇ ವಿದ್ಯಾರ್ಥಿನಿಯನ್ನು ಕರೆದೆನು. ಆಕೆ ಮಸ್ಕತ್ತಿನಲ್ಲಿ 18 ವರ್ಷ ನರ್ಸಾಗಿದ್ದು ಹಿಂದೆ ಬಂದವಳು. ತಾನೇ ಹಲವು ಸಂದರ್ಶನಗಳಲ್ಲಿ ಮೇಜಿನ ಆಚೆಯ ಬದಿಯಲ್ಲಿ ಕೂತವಳು. ಆದಿತ್ಯವಾರಗಳಲ್ಲಿ ಅವರಿಬ್ಬರೂ ನನ್ನ ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದರು. ನಾನು ಕೇಳುತ್ತಾ ಕೂತೆನು, ಮತ್ತು ಆ ಪಾಠಗಳು ನನಗೂ ಬಹು ರುಚಿಸಿದವು.

"ನಿನ್ನ ವಿಷಯವಾಗಿ ಹೇಳು" ಎಂಬದು ಮೊದಲ ಪ್ರಶ್ನೆ. ನಮ್ಮ ಹುಡುಗಿಯು ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು, ತಂದೆಯ ಹೆಸರು, ಕುಟುಂಬದಲ್ಲಿ ಎಷ್ಟು ಮಂದಿ, ತನ್ನ ಹವ್ಯಾಸ ಹಾಡುವದು ಎಂದೆಲ್ಲಾ ಒಂದೇ ಉಸಿರಿಗೆ ಒಪ್ಪಿಸಿದಳು. ಹಿರಿಯವಳು ನಕ್ಕು, "ಮಗಾ, ಅವರು ನಿನ್ನನ್ನು ಸೊಸೆ ಮಾಡಿಕೊಳ್ಳಲಿಕ್ಕೆ ಕೇಳುವದಲ್ಲ" ಎಂದಳು. ಕೇಳುವವನಿಗೆ ಬೇಕಾದದ್ದು ಕೆಲಸದ ವಿವರ: ಯಾವ ವಾರ್ಡು, ಎಷ್ಟು ಹಾಸಿಗೆ, ಒಂದು ಪಾಳಿಯಲ್ಲಿ ನಿನ್ನ ಕೈಕೆಳಗೆ ಎಷ್ಟು ರೋಗಿಗಳು, ಅವರಿಗೆ ಹೆಚ್ಚಾಗಿ ಯಾವ ಕಾಯಿಲೆ, ಯಾವ ಯಂತ್ರಗಳನ್ನು ನೀನೇ ನಡಿಸಿದ್ದೀ, ಯಾವದನ್ನು ಬೇರೆಯವರು ನಡಿಸುವಾಗ ನೋಡಿದ್ದೀ. ಈ ಕಡೇ ಭೇದವು ಮುಖ್ಯವು. ನೋಡಿದ್ದನ್ನು ಮಾಡಿದ್ದೆಂದು ಹೇಳಿದವಳಿಗೆ ಎರಡನೆಯ ಪ್ರಶ್ನೆಯಲ್ಲಿಯೇ ಕಾಲು ಜಾರುವದು.

ಆಮೇಲೆ ಪ್ರಸಂಗದ ಪ್ರಶ್ನೆಗಳು. "ರೋಗಿಗೆ ರಕ್ತ ಕೊಡುತ್ತಿರುವಾಗ ಹತ್ತು ನಿಮಿಷದೊಳಗೆ ಚಳಿಯೂ ಬೆನ್ನುನೋವೂ ಸುರುವಾಯಿತು. ಏನು ಮಾಡುತ್ತೀ?" ಎಂದು ಹಿರಿಯವಳು ಕೇಳಿದಳು. "ಡಾಕ್ಟರಿಗೆ ಹೇಳುತ್ತೇನೆ" ಎಂದು ಹುಡುಗಿ ಉತ್ತರ ಕೊಟ್ಟಳು. "ಡಾಕ್ಟರು ಬರುವ ತನಕ ರಕ್ತ ಹೋಗುತ್ತಾ ಇರಲೋ?" ಎಂದು ಮರುಪ್ರಶ್ನೆ. ಹುಡುಗಿಯ ಮುಖ ಕೆಂಪಾಯಿತು. ಮೊದಲು ರಕ್ತವನ್ನು ನಿಲ್ಲಿಸಬೇಕು, ಹೊಸ ನಳಿಗೆಯಿಂದ ಸಲೈನು ಹಚ್ಚಿ ನರದ ದಾರಿಯನ್ನು ತೆರೆದಿಡಬೇಕು, ನಾಡಿ, ಉಸಿರು, ರಕ್ತದೊತ್ತಡ, ಜ್ವರ ನೋಡುತ್ತಾ ಡಾಕ್ಟರನ್ನು ಕರಿಸಬೇಕು, ಚೀಲದ ಚೀಟಿಯನ್ನೂ ರೋಗಿಯ ಗುರುತನ್ನೂ ಪುನಃ ಸರಿನೋಡಿ ಚೀಲವನ್ನು ರಕ್ತನಿಧಿಗೆ ಹಿಂದೆ ಕಳುಹಿಸಬೇಕು, ಎಲ್ಲವನ್ನು ಬರೆದಿಡಬೇಕು. ಇದೆಲ್ಲವನ್ನು ಹುಡುಗಿಯು ಬಲ್ಲಳು, ವಾರ್ಡಿನಲ್ಲಿ ಒಮ್ಮೆ ಮಾಡಿಯೂ ಇದ್ದಳು. ಆದರೆ ನಮ್ಮ ಆಸ್ಪತ್ರೆಗಳಲ್ಲಿ "ಡಾಕ್ಟರಿಗೆ ಹೇಳುತ್ತೇನೆ" ಎಂಬದೇ ವಿನಯದ ಉತ್ತರವೆಂದು ನಾವು ಕಲಿಸಿಬಿಟ್ಟಿದ್ದೇವೆ. ಹೆಣ್ಣುಮಕ್ಕಳಿಗೆ ನಾವು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿಸಿದ ತಗ್ಗಿದ ಸ್ವರವು ಇಂಥ ಸ್ಥಳದಲ್ಲಿ ಅವರಿಗೆ ಅಡ್ಡಿಯಾಗುತ್ತದೆ. ಇದನ್ನು ಬರೆಯುವಾಗ ನನ್ನ ಪಾಲಿನ ತಪ್ಪನ್ನೂ ನಾನು ಒಪ್ಪಬೇಕಾಗಿದೆ. ತರಗತಿಯಲ್ಲಿ ಈ ಹುಡುಗಿಯು ಪ್ರಶ್ನೆ ಕೇಳಲು ಎದ್ದಾಗ "ಕೂತುಕೋ" ಎಂದವಳು ನಾನೇ.

ಲೆಕ್ಕವೂ ಉಂಟು. ಒಂದು ಲೀಟರು ಸಲೈನನ್ನು ಎಂಟು ಗಂಟೆಗಳಲ್ಲಿ ಕೊಡಬೇಕು. ನಳಿಗೆಯ ಇಪ್ಪತ್ತು ಹನಿಗೆ ಒಂದು ಮಿಲಿಲೀಟರು. ನಿಮಿಷಕ್ಕೆ ಎಷ್ಟು ಹನಿ? ಸಾವಿರವನ್ನು ಇಪ್ಪತ್ತರಿಂದ ಗುಣಿಸಿ 480 ನಿಮಿಷಗಳಿಂದ ಭಾಗಿಸಿದರೆ ಸುಮಾರು 42. ಏಳನೆಯ ತರಗತಿಯ ಹುಡುಗಿಯು ಮಾಡತಕ್ಕ ಲೆಕ್ಕವಿದು. ಆದರೆ ಪರಕೀಯರ ಎದುರು, ಪರಭಾಷೆಯಲ್ಲಿ, ಗಟ್ಟಿಯಾಗಿ ಹೇಳುತ್ತಾ ಮಾಡುವಾಗ ನಾಲಗೆ ಒಣಗುತ್ತದೆ. ಆದದ್ದರಿಂದ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಮನಸ್ಸಿನಲ್ಲಿ ಮಾಡಿದ ಅಭ್ಯಾಸವು ಅಭ್ಯಾಸವಲ್ಲ.

ಇಂಗ್ಲಿಷಿನ ಭಯವು ಕನ್ನಡ ಮಾಧ್ಯಮದವರಿಗೆ ಸಹಜವು. ಹಿರಿಯವಳು ಹೇಳಿದ್ದೇನಂದರೆ, ತಪ್ಪು ವ್ಯಾಕರಣಕ್ಕಾಗಿ ಆಕೆಯು ಯಾರನ್ನೂ ತಿರಸ್ಕರಿಸಲಿಲ್ಲ. ಪ್ರಶ್ನೆ ತಿಳಿಯದೆ "ಯೆಸ್" ಎಂದವರನ್ನು ತಿರಸ್ಕರಿಸಿದಳು. ತಿಳಿಯದಿದ್ದರೆ ಇನ್ನೊಮ್ಮೆ ಹೇಳಿರೆಂದು ಕೇಳುವದು ನಾಚಿಕೆಯಲ್ಲ. ಔಷಧದ ಆಜ್ಞೆಯನ್ನು ಅರ್ಧ ಕೇಳಿ ತಲೆಯಾಡಿಸುವ ನರ್ಸಿನಿಂದ ಎಂಥಾ ಅಪಾಯ ಬರುವದೆಂದು ಅವರಿಗೆ ಗೊತ್ತು. ಉತ್ತರ ಬಾರದಿದ್ದರೆ "ಇದನ್ನು ನಾನು ಮಾಡಿಲ್ಲ, ಹಿರಿಯರನ್ನು ಕೇಳಿ ಮಾಡುತ್ತೇನೆ" ಎಂದರೆ ಸಾಕು.

ಹೆಚ್ಚಿನ ಸಂದರ್ಶನಗಳು ಈಗ ವೀಡಿಯೋ ಮೂಲಕ ನಡೆಯುತ್ತವಾದ್ದರಿಂದ ಮನೆಯವರಿಗೂ ಕೆಲಸವುಂಟು. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು. ನಾವು ಮೊಬೈಲನ್ನು ಅಕ್ಕಿಯ ಡಬ್ಬಿಗೆ ಒರಗಿಸಿ ಕಣ್ಣಿನ ಎತ್ತರಕ್ಕೆ ತಂದೆವು. ಆ ಅರ್ಧ ಗಂಟೆ ಅಡಿಗೆಮನೆಯ ಮಿಕ್ಸರು ನಿಲ್ಲಲಿ, ನೆರೆಮನೆಯವರು ಕುತೂಹಲದಿಂದ ಬಾಗಲಲ್ಲಿ ನಿಲ್ಲದಿರಲಿ. ಪಕ್ಕದಲ್ಲಿ ನಿಂತು ಉತ್ತರವನ್ನು ಪಿಸುಗುಟ್ಟುವ ತಂದೆಯರೂ ಉಂಟು. ಪರದೆಯ ಆಚೆಯವರಿಗೆ ಅದು ಕೇಳಿಸುತ್ತದೆ.

ಕಡೆಗೆ ಅವರು "ನಿನಗೇನಾದರೂ ಕೇಳಲಿಕ್ಕುಂಟೋ?" ಎನ್ನುವರು. ಇಲ್ಲವೆಂದು ತಲೆಯಾಡಿಸಬಾರದು. ವಾರಕ್ಕೆ ಎಷ್ಟು ಗಂಟೆ, ಯಾವ ವಾರ್ಡು, ಮೂಲವೇತನವೆಷ್ಟು, ವಾಸಸ್ಥಳವನ್ನು ಯಾರು ಕೊಡುವರು, ಕರಾರನ್ನು ಮುಂಚೆ ಬಿಟ್ಟರೆ ಹಣ ಹಿಂದೆ ಕೊಡಬೇಕೋ, ಕೊಡಬೇಕಾದರೆ ಎಷ್ಟು, ಇವುಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಕೊಡಿರೆಂದು ವಿನಯವಾಗಿ ಹೇಳಬೇಕು. ಇಲ್ಲಿ ಸಹಿಮಾಡಿದ ಕರಾರು ಒಂದು, ಅಲ್ಲಿ ಇಳಿದ ಮೇಲೆ ಮುಂದಿಡುವ ಕರಾರು ಇನ್ನೊಂದು ಎಂಬದು ಹಳೇ ಮೋಸ. ಇದನ್ನು ತಡೆಯುವದಕ್ಕಾಗಿ ಯು.ಎ.ಇ. ಸರಕಾರವು 2016ರಿಂದ, ಕೆಲಸದವನು ತನ್ನ ದೇಶದಲ್ಲಿ ಸಹಿಮಾಡಿದ ಪತ್ರದಂತೆಯೇ ಅಲ್ಲಿಯ ಕರಾರೂ ಇರಬೇಕೆಂದು ನಿಯಮಿಸಿ, ಆ ಪತ್ರವನ್ನು ಹಲವು ಭಾಷೆಗಳಲ್ಲಿ ಒದಗಿಸಿತು. ಆಗಿನ ಪಟ್ಟಿಯಲ್ಲಿ ಹಿಂದಿ, ಮಲೆಯಾಳ, ತಮಿಳು ಇದ್ದವು, ಕನ್ನಡವಿರಲಿಲ್ಲ. ನಮ್ಮವರು ಇಂಗ್ಲಿಷಿನಲ್ಲಿಯೇ ಓದಿ ಅರ್ಥಮಾಡಿಕೊಳ್ಳಬೇಕಾಯಿತು. ಓದಲಿಕ್ಕೆ ಕಷ್ಟವಾದವರು ತಮ್ಮ ಶಾಲೆಯ ಟೀಚರರಲ್ಲಿಗೆ ಆ ಕಾಗದವನ್ನು ತರಲಿ. ನಿವೃತ್ತರಾದ ನಮಗೆ ಬಿಡುವೂ ಉಂಟು, ಕನ್ನಡಕವೂ ಉಂಟು.

ಶನಿವಾರ ಆ ಏಜೆಂಟನು ಫೋನು ಮಾಡಿದನು. ಹುಡುಗಿಯು, "ಹಣ ಕೊಡುತ್ತೇವೆ, ಸ್ಟಾಂಪಿರುವ ರಶೀದಿ ಬೇಕು, ಲೈಸನ್ಸಿನ ಪ್ರತಿ ಬೇಕು" ಎಂದಳಂತೆ. ಅವನು ನಾಳೆ ಮಾತಾಡುವೆನೆಂದು ಇಟ್ಟನು. ಆ ನಾಳೆ ಬರಲಿಲ್ಲ. ಬಳೆಗಳಿಗೆ ಸೊಸೈಟಿಯಲ್ಲಿ ಒಂಭತ್ತು ದಿನಗಳ ಬಡ್ಡಿ ಹೋಯಿತು.

ಹುಡುಗಿಯು ಓ.ಇ.ಟಿ. ಪರೀಕ್ಷೆಗೆ ಒಮ್ಮೆ ಕೂತಳು. ಮೂರು ಭಾಗಗಳಲ್ಲಿ ತೇರ್ಗಡೆಯಾಗಿ ಬರವಣಿಗೆಯಲ್ಲಿ ಸೋತಳು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಕಳುಹಿಸುವಾಗ ಬರೆಯುವ ಪತ್ರವೇ ಆ ಭಾಗದ ಪ್ರಶ್ನೆಯಂತೆ. ಈಗ ಪ್ರತಿ ಗುರುವಾರ ಪಾಳಿ ಮುಗಿಸಿ ಅಂಥ ಒಂದು ಪತ್ರವನ್ನು ಬರೆದು ತರುತ್ತಾಳೆ, ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ಹೋದ ವಾರದ ಪತ್ರದಲ್ಲಿ ತಪ್ಪುಗಳು ನಾಲ್ಕೇ ಇದ್ದವು. ಒಂದನ್ನು ನಾನು ತಪ್ಪೆಂದು ಗುರುತಿಸಿದಾಗ, "ಅಲ್ಲ ಟೀಚರ್, ಅದು ಆಸ್ಪತ್ರೆಯಲ್ಲಿ ಹಾಗೆಯೇ ಬರೆಯುವದು" ಎಂದು ಆಕೆ ಹೇಳಿದಳು. ವಿಚಾರಿಸಿ ನೋಡಿದೆನು. ಆಕೆ ಹೇಳಿದ್ದೇ ಸರಿ.